ಜನವರಿಯಲ್ಲಿ ಸ್ಥಿರವಾಗಿದ್ದ ಡಿಡಿಆರ್5 ಓವರ್‌ಕ್ಲಾಕ್ ಏಪ್ರಿಲ್‌ನಲ್ಲಿ ತಪ್ಪುತ್ತಿದೆ: ಯಾವ ಸೆಟ್ಟಿಂಗ್ ಸಡಿಲಿಸಬೇಕು?

ರಾಯಚೂರು_ಸಂಕಲನ

ಎಲ್ಲರಿಗೂ ನಮಸ್ಕಾರ. ಮದುವೆ, ಜಾತ್ರೆಗಳ ವಿಡಿಯೊ ಸಂಕಲನ ನನ್ನ ಕಸುಬು. ಅದರ ಜೊತೆಗೆ ಬ್ಲೆಂಡರ್ ಎಂಬ 3ಡಿ ಪ್ರೋಗ್ರಾಂನಲ್ಲಿ ಸಣ್ಣಪುಟ್ಟ ಅನಿಮೇಷನ್ ಕೆಲಸವನ್ನೂ ಮಾಡುತ್ತೇನೆ. ಕಳೆದ ವರ್ಷಾಂತ್ಯದಲ್ಲಿ ರೈಜನ್ 7 7700 ಪ್ರೊಸೆಸರ್, ಆರ್‌ಟಿಎಕ್ಸ್ 4070 ಗ್ರಾಫಿಕ್ಸ್ ಕಾರ್ಡ್ ಮತ್ತು 16 ಜಿಬಿಯ ಎರಡು ಡಿಡಿಆರ್5 ಮೆಮೊರಿ ಸ್ಟಿಕ್‌ಗಳನ್ನು ಹಾಕಿ ಒಂದು ಯಂತ್ರ ಕಟ್ಟಿಕೊಂಡೆ. ಸ್ಟಿಕ್‌ಗಳಲ್ಲಿರುವುದು ಹೈನಿಕ್ಸ್ ಕಂಪನಿಯ ಎ-ಡೈ ಎಂಬ ಬಗೆಯ ಮೆಮೊರಿ ಚಿಪ್ಪು. ತಯಾರಕರೇ ಸ್ಟಿಕ್‌ನಲ್ಲಿ ಬರೆದಿಟ್ಟ ಸೆಟ್ಟಿಂಗ್, ಅಂದರೆ ಎಕ್ಸ್‌ಪೋ ಪ್ರೊಫೈಲ್: ವೇಗ 6000, ಕಾಯುವ ಅವಧಿಗಳು ಸಿಎಲ್ 30-38-38-96, 1.35 ವೋಲ್ಟ್.

ಸಂಕ್ರಾಂತಿಯ ಬಿಡುವಿನಲ್ಲಿ ಕುಳಿತು, ಮೆಮೊರಿ ನಿಗದಿಗಿಂತ ಚುರುಕಾಗಿ ಓಡಲೆಂದು (ಅದೇ ಓವರ್‌ಕ್ಲಾಕ್) ಸೆಟ್ಟಿಂಗ್‌ಗಳನ್ನು ಬಿಗಿಗೊಳಿಸಿದೆ. ವೇಗವನ್ನು 6000ದಲ್ಲೇ ಇಟ್ಟು, ಮೆಮೊರಿ ಕಂಟ್ರೋಲರ್‌ನ ಗಡಿಯಾರ ಯುಕ್ಲಾಕ್ ಮತ್ತು ಮೆಮೊರಿಯ ಗಡಿಯಾರ ಎಂಕ್ಲಾಕ್‌ಗಳನ್ನು ಸಮವಾಗಿ 3000ಕ್ಕೆ, ಪ್ರೊಸೆಸರ್‌ನ ಒಳಭಾಗಗಳನ್ನು ಬೆಸೆಯುವ ಸಂಪರ್ಕದ ಗಡಿಯಾರ ಎಫ್‌ಕ್ಲಾಕ್ ಅನ್ನು 2000ಕ್ಕೆ ನಿಲ್ಲಿಸಿದೆ. ಸಿಎಲ್ 30-36-36, ರಿಫ್ರೆಶ್‌ಗೆ ಸಂಬಂಧಿಸಿದ ಅವಧಿಗಳಾದ ಟಿ-ಆರ್‌ಎಫ್‌ಸಿ 400 ಮತ್ತು ಟಿ-ರೆಫಿ 65535, ಮೆಮೊರಿಯ ವೋಲ್ಟೇಜ್ ವಿಡಿಡಿ 1.40 ವೋಲ್ಟ್, ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್‌ಗೆ ಸಿಗುವ ವೋಲ್ಟೇಜ್ ಎಸ್‌ಒಸಿ 1.20 ವೋಲ್ಟ್. ಮೆಮೊರಿ ಪರೀಕ್ಷಿಸುವ ಪ್ರೋಗ್ರಾಂ ಟೆಸ್ಟ್‌ಮೆಮ್5ನ ಎಕ್ಸ್‌ಟ್ರೀಮ್ ಸಂರಚನೆಯನ್ನು ಮೂರು ಸುತ್ತು ಓಡಿಸಿದಾಗ ಒಂದೂ ದೋಷ ಕಾಣಲಿಲ್ಲ. ವೇಗ ಅಳೆಯುವ ಐಡಾ64ರಲ್ಲಿ ಲೇಟೆನ್ಸಿ (ಮೆಮೊರಿ ಉತ್ತರಿಸಲು ಹಿಡಿಯುವ ಸಮಯ) 73 ನ್ಯಾನೋಸೆಕೆಂಡಿನಿಂದ 64ಕ್ಕೆ ಇಳಿಯಿತು. ಮಾರ್ಚ್ ಮೊದಲ ವಾರದವರೆಗೆ ಯಂತ್ರ ಒಮ್ಮೆಯೂ ತಕರಾರು ಮಾಡಲಿಲ್ಲ.

ಈಗ ಮಧ್ಯಾಹ್ನದ ಹೊತ್ತು ಬ್ಲೆಂಡರ್‌ನಲ್ಲಿ ರೆಂಡರ್ (ಅನಿಮೇಷನ್‌ನ ಅಂತಿಮ ಚಿತ್ರಗಳನ್ನು ತಯಾರಿಸುವ ಕೆಲಸ) ಹಚ್ಚಿದರೆ ಮುಕ್ಕಾಲು ಗಂಟೆಯೊಳಗೆ ಪ್ರೋಗ್ರಾಂ ಮುಚ್ಚಿಕೊಳ್ಳುತ್ತದೆ, ಇಲ್ಲವೇ ಮೆಮೊರಿ ಮ್ಯಾನೇಜ್‌ಮೆಂಟ್ ಎಂಬ ನೀಲಿ ಪರದೆ ಬರುತ್ತದೆ. ಅದೇ ದಿನ ರಾತ್ರಿ ಹತ್ತರ ಮೇಲೆ ಟೆಸ್ಟ್‌ಮೆಮ್5 ಓಡಿಸಿದರೆ ಮೂರು ಸುತ್ತೂ ಸಲೀಸಾಗಿ ಮುಗಿಯುತ್ತವೆ. ಎಸ್‌ಒಸಿಯನ್ನು 1.25ಕ್ಕೆ ಏರಿಸಿದರೂ ವ್ಯತ್ಯಾಸವಾಗಲಿಲ್ಲ. ವಿಡಿಡಿಯನ್ನು 1.43ಕ್ಕೆ ಏರಿಸಿದಾಗ, ನನಗೇ ವಿಚಿತ್ರವೆನಿಸುವಂತೆ, ಮುಕ್ಕಾಲು ಗಂಟೆಯ ಬದಲು ಇಪ್ಪತ್ತು ನಿಮಿಷಕ್ಕೇ ಕೈಕೊಟ್ಟಿತು. ಸ್ಟಿಕ್‌ಗಳೇ ಕೆಟ್ಟಿವೆಯೇ, ಅಥವಾ ನಾನು ಯಾವುದಾದರೂ ಒಂದು ಸೆಟ್ಟಿಂಗ್ ಅನ್ನು ಮಿತಿಮೀರಿ ಎಳೆದಿದ್ದೇನೆಯೇ? ಬಲ್ಲವರು ದಯವಿಟ್ಟು ತಿಳಿಸಬೇಕು.

ಹಳೆಯ_ಬೋರ್ಡು (ಹುಬ್ಬಳ್ಳಿ)

ಸ್ಟಿಕ್ ಕೆಟ್ಟಿರುವ ಸಾಧ್ಯತೆ ಕಡಿಮೆ. ನಿಮ್ಮ ಪ್ರಶ್ನೆಯ ಕೊನೆಯಲ್ಲಿ ನೀವು ವಿಚಿತ್ರವೆಂದು ಬರೆದ ಸಂಗತಿಯಲ್ಲೇ ಉತ್ತರ ಅಡಗಿದೆ ಎಂದು ನನಗೆ ಅನಿಸುತ್ತದೆ. ಡಿಡಿಆರ್4ರಲ್ಲಿ ಮೆಮೊರಿಗೆ ಬೇಕಾದ ವೋಲ್ಟೇಜನ್ನು ಮದರ್‌ಬೋರ್ಡ್ ಸಿದ್ಧಪಡಿಸಿ ಕೊಡುತ್ತಿತ್ತು. ಡಿಡಿಆರ್5ರಲ್ಲಿ ಆ ಕೆಲಸ ಮಾಡುವ ಪಿಎಂಐಸಿ ಎಂಬ ಚಿಪ್ಪು ಸ್ಟಿಕ್‌ನ ಮೇಲೆಯೇ ಕುಳಿತಿದೆ. ಹಾಗಾಗಿ ವಿಡಿಡಿ ಏರಿಸಿದಾಗ ಮೆಮೊರಿ ಚಿಪ್ಪುಗಳ ಬಿಸಿಯ ಜೊತೆಗೆ ಪಿಎಂಐಸಿಯ ಬಿಸಿಯೂ ಅದೇ ಸ್ಟಿಕ್‌ಗೆ ಸೇರುತ್ತದೆ. ವೋಲ್ಟೇಜಿನ ಕೊರತೆಯಿಂದ ತಪ್ಪುತ್ತಿದ್ದರೆ 1.43ಕ್ಕೆ ಏರಿಸಿದಾಗ ಪರಿಸ್ಥಿತಿ ಸುಧಾರಿಸಬೇಕಿತ್ತು. ಹದಗೆಟ್ಟಿತೆಂದರೆ ಯಂತ್ರಕ್ಕೆ ಒಗ್ಗದಿರುವುದು ಶಾಖ.

ಇನ್ನೊಂದು ಸಂಗತಿಯನ್ನು ಗಮನಿಸಿ. ಟೆಸ್ಟ್‌ಮೆಮ್5 ಓಡುವಾಗ ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಮಲಗಿರುತ್ತದೆ. ಬ್ಲೆಂಡರ್ ರೆಂಡರ್ ಮಾಡುವಾಗ ಅದೇ ಕಾರ್ಡ್ 200 ವ್ಯಾಟ್‌ನಷ್ಟು ಬಿಸಿಯನ್ನು ಪೆಟ್ಟಿಗೆಯೊಳಗೆ ಉಗುಳುತ್ತದೆ, ಆ ಗಾಳಿ ಮೇಲೇರುವ ದಾರಿಯಲ್ಲೇ ಸ್ಟಿಕ್‌ಗಳು ನಿಂತಿವೆ. ಅಂದರೆ ನಿಮ್ಮ ಪರೀಕ್ಷೆ ನಡೆದ ಹವಾಮಾನ ಬೇರೆ, ಕೆಲಸ ನಡೆಯುವ ಹವಾಮಾನ ಬೇರೆ. ಎಚ್‌ಡಬ್ಲ್ಯೂಇನ್ಫೋ ತೆರೆದು ಸ್ಟಿಕ್‌ಗಳ ತಾಪಮಾನವನ್ನು ಎರಡೂ ಸಂದರ್ಭಗಳಲ್ಲಿ ನೋಡಿ ಬರೆಯಿರಿ. ಡಿಡಿಆರ್5 ಸ್ಟಿಕ್‌ನ ಎಸ್‌ಪಿಡಿ ಹಬ್ ಎಂಬ ಸಣ್ಣ ಚಿಪ್ಪಿನಲ್ಲಿಯೇ ಸಂವೇದಕ ಇರುವುದರಿಂದ ಬೇರೆ ಉಪಕರಣ ಬೇಕಾಗಿಲ್ಲ.

ರಾಯಚೂರು_ಸಂಕಲನ

ನೋಡಿದೆ ಸರ್. ಜನವರಿಯ ಲಾಗ್ ಕಡತ ಪುಣ್ಯಕ್ಕೆ ಉಳಿದಿತ್ತು: ಕೋಣೆ 24 ಡಿಗ್ರಿ ಇದ್ದಾಗ ಪರೀಕ್ಷೆಯ ಉದ್ದಕ್ಕೂ ಸ್ಟಿಕ್‌ಗಳು 46 ಡಿಗ್ರಿ ದಾಟಿರಲಿಲ್ಲ. ಮೊನ್ನೆ ರಾತ್ರಿ ಅದೇ ಪರೀಕ್ಷೆಯಲ್ಲಿ 54. ನಿನ್ನೆ ಮಧ್ಯಾಹ್ನ ಮೂರು ಗಂಟೆಗೆ, ಏರ್ ಕೂಲರ್ ಓಡುತ್ತಿದ್ದರೂ ಕೋಣೆ 37 ಡಿಗ್ರಿ ಇದ್ದಾಗ, ರೆಂಡರ್ ಹಚ್ಚಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಎರಡನೆಯ ಸ್ಟಿಕ್ 66 ತಲುಪಿತು.

ಆದರೂ ಎರಡು ಸಂದೇಹಗಳಿವೆ. ಮೆಮೊರಿಯ ಮಾನದಂಡ ರೂಪಿಸುವ ಜೆಡೆಕ್ ಸಂಸ್ಥೆಯ ಪ್ರಕಾರ 85 ಡಿಗ್ರಿಯವರೆಗೆ ಮೆಮೊರಿ ಸಾಮಾನ್ಯವಾಗಿ ಕೆಲಸ ಮಾಡಬೇಕು ಎಂದು ಓದಿದ್ದೇನೆ. 66 ಅದಕ್ಕಿಂತ ಬಹಳ ಕೆಳಗಿದೆ. ಎರಡನೆಯದಾಗಿ, ಡಿಡಿಆರ್5 ಚಿಪ್ಪಿನೊಳಗೇ ಇಸಿಸಿ (ದೋಷ ತಿದ್ದುವ ವ್ಯವಸ್ಥೆ) ಇರುವಾಗ ಸಣ್ಣ ದೋಷಗಳನ್ನು ಅದೇ ಸರಿಪಡಿಸಬೇಕಲ್ಲವೇ?

ಮ್ಯೂನಿಕ್_ಮಲೆನಾಡು

ಭಿನ್ನಾಭಿಪ್ರಾಯಕ್ಕೆ ಕ್ಷಮೆಯಿರಲಿ. ನನ್ನ ಬಳಿಯೂ ಇದೇ ಬಗೆಯ ಎ-ಡೈ ಸ್ಟಿಕ್‌ಗಳಿವೆ, ಟಿ-ರೆಫಿ 65535ರಲ್ಲಿಯೇ ಸುಮಾರು ಎರಡು ವರ್ಷಗಳಿಂದ ಓಡಿಸುತ್ತಿದ್ದೇನೆ, ಗಂಟೆಗಟ್ಟಲೆ ಆಟಗಳನ್ನೂ ಆಡುತ್ತೇನೆ, ಈವರೆಗೆ ಒಂದು ದೋಷವನ್ನೂ ಕಂಡಿಲ್ಲ. ಇಂಥ ಅಡ್ಡಾದಿಡ್ಡಿ ತಪ್ಪುಗಳ ಮೂಲ ಬಹಳ ಸಲ ಪ್ರೊಸೆಸರ್‌ನೊಳಗಿನ ಮೆಮೊರಿ ಕಂಟ್ರೋಲರ್ ಅಥವಾ ಎಫ್‌ಕ್ಲಾಕ್ ಆಗಿರುತ್ತದೆ. ಎಸ್‌ಒಸಿಯನ್ನು 1.30ರವರೆಗೆ ಏರಿಸಿ ನೋಡುವುದು, ಅದೂ ಆಗದಿದ್ದರೆ ಎಫ್‌ಕ್ಲಾಕ್ ಅನ್ನು 1900ಕ್ಕೆ ಇಳಿಸುವುದು ಒಳ್ಳೆಯದು. ಟಿ-ರೆಫಿ ಸಡಿಲಿಸಿದರೆ ನೀವು ಗಳಿಸಿದ ಲೇಟೆನ್ಸಿಯ ಬಹುಪಾಲು ಕೈಬಿಟ್ಟು ಹೋಗುತ್ತದೆ.

ಹಳೆಯ_ಬೋರ್ಡು (ಹುಬ್ಬಳ್ಳಿ)

ಮ್ಯೂನಿಕ್‌ನ ಮಿತ್ರರ ಮಾತನ್ನು ತಳ್ಳಿಹಾಕುವುದಿಲ್ಲ, ಆದರೆ ಈ ಪ್ರಕರಣಕ್ಕೆ ಅದು ಹೊಂದುವುದಿಲ್ಲ. ಎಫ್‌ಕ್ಲಾಕ್ ತಪ್ಪಿದಾಗ ಧ್ವನಿ ತುಂಡಾಗುವುದು, ಒಂದೇ ಪರೀಕ್ಷೆಯ ಅಂಕಗಳು ಓಟದಿಂದ ಓಟಕ್ಕೆ ಏರಿಳಿಯುವುದು, ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ವೀಯಾ (ಯಂತ್ರಾಂಶದ) ದೋಷಗಳು ದಾಖಲಾಗುವುದು ಮುಂತಾದ ಕುರುಹುಗಳು ಕಾಣುತ್ತವೆ, ಮತ್ತು ಅವು ಮಧ್ಯಾಹ್ನ ಮೂರು ಗಂಟೆ, ರಾತ್ರಿ ಹತ್ತು ಗಂಟೆ ಎಂದು ಭೇದ ಮಾಡುವುದಿಲ್ಲ. ಎಸ್‌ಒಸಿ 1.30 ಎಂಬುದು ತಲುಪಬೇಕಾದ ಗುರಿಯಲ್ಲ. 2023ರಲ್ಲಿ ಕೆಲವು ಪ್ರೊಸೆಸರ್‌ಗಳು ಸಾಕೆಟ್‌ನಲ್ಲೇ ಸುಟ್ಟ ಪ್ರಕರಣಗಳು ಹೊರಬಂದ ಮೇಲೆ ಎಎಂಡಿ ಹೊಸ ಬಯೋಸ್‌ಗಳ ಮೂಲಕ ಹಾಕಿದ ಗರಿಷ್ಠ ಮಿತಿ ಅದು. 6000ದ ವೇಗಕ್ಕೆ 1.20ರ ಆಸುಪಾಸು ಸಾಕಾಗುವುದೇ ಹೆಚ್ಚು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಸ್ವಲ್ಪ ಉದ್ದವಾಗುತ್ತದೆ. ಡಿರ‍್ಯಾಮ್‌ನ ಪ್ರತಿಯೊಂದು ಬಿಟ್ ಒಂದು ಅತಿ ಸಣ್ಣ ಕೆಪಾಸಿಟರ್‌ನಲ್ಲಿರುವ ವಿದ್ಯುದಂಶ. ಅದು ನಿರಂತರವಾಗಿ ಸೋರುತ್ತಿರುತ್ತದೆ, ಸೋರಿ ಬರಿದಾಗುವ ಮೊದಲು ಅದನ್ನು ಓದಿ ಮತ್ತೆ ತುಂಬಬೇಕು. ಈ ತುಂಬುವಿಕೆಯೇ ರಿಫ್ರೆಶ್. ಎರಡು ರಿಫ್ರೆಶ್ ಆದೇಶಗಳ ನಡುವಿನ ಅಂತರ ಟಿ-ರೆಫಿ, ಒಂದು ರಿಫ್ರೆಶ್ ಮುಗಿಯಲು ಕೊಡುವ ಅವಧಿ ಟಿ-ಆರ್‌ಎಫ್‌ಸಿ. ಅಂಗಳದ ತುಳಸಿಗೆ ಪುಷ್ಯಮಾಸದಲ್ಲಿ ಎರಡು ದಿನಕ್ಕೊಮ್ಮೆ ನೀರೆರೆದರೂ ನಡೆಯುತ್ತದೆ, ವೈಶಾಖದಲ್ಲಿ ಒಂದು ಹೊತ್ತು ತಪ್ಪಿದರೂ ಬಾಡುತ್ತದೆ. ಇಲ್ಲಿಯೂ ಲೆಕ್ಕ ಅದೇ.

ಜೆಡೆಕ್ ಡಿಡಿಆರ್5ಕ್ಕೆ ನಿಗದಿಪಡಿಸಿದ ಅಂತರ 3.9 ಮೈಕ್ರೋಸೆಕೆಂಡ್. ನಿಮ್ಮ 3000 ಮೆಗಾಹರ್ಟ್ಸ್ ಗಡಿಯಾರದಲ್ಲಿ ಅದು 11700 ಸುತ್ತುಗಳು. 8192 ಆದೇಶಗಳಲ್ಲಿ ಇಡೀ ಚಿಪ್ಪು ಒಮ್ಮೆ ತುಂಬಿಕೊಳ್ಳುವುದರಿಂದ ಒಂದು ಬಿಟ್‌ಗೆ ಸರದಿ ಬರುವುದು 32 ಮಿಲಿಸೆಕೆಂಡಿಗೊಮ್ಮೆ. ನೀವು 65535 ಎಂದು ಬರೆದ ಕೂಡಲೇ ಅಂತರ 21.8 ಮೈಕ್ರೋಸೆಕೆಂಡಾಯಿತು, ಸರದಿ ಸುಮಾರು 179 ಮಿಲಿಸೆಕೆಂಡಿಗೊಮ್ಮೆ ಆಯಿತು, ಅಂದರೆ 5.6 ಪಟ್ಟು ತಡ. ಜೆಡೆಕ್‌ನ 85 ಡಿಗ್ರಿಯ ಭರವಸೆ 3.9 ಮೈಕ್ರೋಸೆಕೆಂಡಿಗೆ ಕೊಟ್ಟದ್ದು. ಅದನ್ನು 5.6 ಪಟ್ಟು ಎಳೆದ ಮೇಲೆ ಆ 85 ಅನ್ನು ನೆಚ್ಚಿಕೊಳ್ಳುವಂತಿಲ್ಲ. ಅಷ್ಟೇ ಅಲ್ಲ, 85 ದಾಟಿದರೆ ರಿಫ್ರೆಶ್ ಅನ್ನು ಇಮ್ಮಡಿಗೊಳಿಸಬೇಕೆಂದು ಅದೇ ಮಾನದಂಡ ಹೇಳುತ್ತದೆ. ಶಾಖಕ್ಕೂ ಸೋರಿಕೆಗೂ ಇರುವ ನಂಟನ್ನು ಅದರಲ್ಲೇ ಕಾಣಬಹುದು.

ಒರಟು ಲೆಕ್ಕವೊಂದನ್ನು ಹಾಕೋಣ. ಬಿಸಿ ಸುಮಾರು 10 ಡಿಗ್ರಿ ಏರಿದಾಗಲೆಲ್ಲ ವಿದ್ಯುದಂಶ ನಿಲ್ಲುವ ಕಾಲ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕ್ಷೇತ್ರದಲ್ಲಿ ಬಳಕೆಯಲ್ಲಿರುವ ಅಂದಾಜು. 85ರಲ್ಲಿ ಎಷ್ಟು ನಿಲ್ಲಬೇಕೋ ಅದಕ್ಕಿಂತ 46 ಡಿಗ್ರಿಯಲ್ಲಿ ಸುಮಾರು 15 ಪಟ್ಟು ಹೆಚ್ಚು ಕಾಲ ನಿಲ್ಲುತ್ತದೆ; ಆದ್ದರಿಂದ ಜನವರಿಯಲ್ಲಿ ನಿಮ್ಮ 5.6 ಪಟ್ಟು ಧಾರಾಳವಾಗಿ ನಡೆಯಿತು. 66 ಡಿಗ್ರಿಯಲ್ಲಿ ಆ ಅವಕಾಶ ನಾಲ್ಕು ಪಟ್ಟಿಗೂ ಕಡಿಮೆ. ಚಿಪ್ಪಿನ ಹೆಚ್ಚಿನ ಕೋಶಗಳು ಇದಕ್ಕಿಂತ ಎಷ್ಟೋ ಗಟ್ಟಿಯಾಗಿರುತ್ತವೆ ಎಂಬುದು ನಿಜ, ಆದರೆ ಕೋಟಿಗಟ್ಟಲೆ ಕೋಶಗಳಲ್ಲಿ ಬೆರಳೆಣಿಕೆಯಷ್ಟು ದುರ್ಬಲವಾದವು ಇದ್ದೇ ಇರುತ್ತವೆ, ಮತ್ತು ನಿಮ್ಮ ರೆಂಡರ್ ಕೆಡಿಸಲು ಅಷ್ಟು ಸಾಕು. ಸಂವೇದಕ ಇರುವುದು ಹಬ್‌ನಲ್ಲಿ, ಕೋಶಗಳ ಪಕ್ಕದಲ್ಲಲ್ಲ. ಅದು 66 ತೋರಿಸುವಾಗ ಒಂದೆರಡು ಚಿಪ್ಪುಗಳು ಇನ್ನೂ ಬಿಸಿಯಾಗಿದ್ದರೆ ಆಶ್ಚರ್ಯವಿಲ್ಲ.

ಇಸಿಸಿ ಕುರಿತ ನಿಮ್ಮ ಸಂದೇಹ ಬಹಳ ಮಂದಿಗೆ ಇರುವಂಥದ್ದೇ. ಡಿಡಿಆರ್5 ಚಿಪ್ಪಿನೊಳಗೆ 128 ಬಿಟ್‌ಗಳಿಗೆ 8 ಬಿಟ್‌ಗಳ ಕಾವಲಿದೆ, ಒಂದು ಬಿಟ್ ತಪ್ಪಿದರೆ ಅದು ಸದ್ದಿಲ್ಲದೆ ತಿದ್ದುತ್ತದೆ. ಹಾಗೆ ತಿದ್ದಿದ್ದನ್ನು ನಮ್ಮ ಬಳಿಯಿರುವ ಸಾಮಾನ್ಯ ಸ್ಟಿಕ್‌ಗಳು ವಿಂಡೋಸ್‌ಗೆ ವರದಿ ಮಾಡುವುದಿಲ್ಲ. ಚಿಪ್ಪಿನಿಂದ ಪ್ರೊಸೆಸರ್‌ವರೆಗಿನ ದಾರಿಯಲ್ಲಿ ಆಗುವ ತಪ್ಪಿಗೂ ಅದಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ರಿಫ್ರೆಶ್ ಕೊರತೆಯಿಂದ ಒಂದು ದೋಷ ನಿಮ್ಮ ಕಣ್ಣಿಗೆ ಬಿತ್ತೆಂದರೆ, ಕಾವಲನ್ನೂ ಮೀರಿ ಅದೇ 128 ಬಿಟ್‌ಗಳ ಗುಂಪಿನಲ್ಲಿ ಎರಡನೆಯದು ಸೋರಿದೆ ಎಂದು ತಿಳಿಯಬೇಕು. ಅದಕ್ಕೆ ಮೊದಲು ಒಂಟಿ ತಪ್ಪುಗಳು ಎಷ್ಟು ಆಗಿ ಹೋದವೋ ನಿಮಗೆ ಗೊತ್ತಾಗುವುದೇ ಇಲ್ಲ.

ಇನ್ನು ಲೇಟೆನ್ಸಿ ಕಳೆದುಹೋಗುವ ಭಯ. ರಿಫ್ರೆಶ್ ನಡೆಯುವಾಗ ಮೆಮೊರಿ ಬೇರೆ ಕೆಲಸಕ್ಕೆ ಸಿಗುವುದಿಲ್ಲವಾದ್ದರಿಂದ ನಷ್ಟವನ್ನು ಟಿ-ಆರ್‌ಎಫ್‌ಸಿಯನ್ನು ಟಿ-ರೆಫಿಯಿಂದ ಭಾಗಿಸಿ ಅಂದಾಜಿಸಬಹುದು. 16 ಗಿಗಾಬಿಟ್ ಚಿಪ್ಪಿಗೆ ಜೆಡೆಕ್ ಹೇಳುವ 295 ನ್ಯಾನೋಸೆಕೆಂಡ್ ಮತ್ತು 3.9 ಮೈಕ್ರೋಸೆಕೆಂಡ್ ಇಟ್ಟುಕೊಂಡರೆ ಶೇ. 7.6ರಷ್ಟು ಸಮಯ ರಿಫ್ರೆಶ್‌ಗೇ ಹೋಗುತ್ತದೆ. ನಿಮ್ಮ ಈಗಿನ 400 ಮತ್ತು 65535ರಲ್ಲಿ ಅದು ಶೇ. 0.6. ಟಿ-ಆರ್‌ಎಫ್‌ಸಿ 480, ಅಂದರೆ 160 ನ್ಯಾನೋಸೆಕೆಂಡ್, ಟಿ-ರೆಫಿ 32767 ಎಂದು ಸಡಿಲಿಸಿದರೆ ಶೇ. 1.5. ಗಳಿಕೆಯ ದೊಡ್ಡ ಪಾಲು ಮೊದಲ ಹೆಜ್ಜೆಯಲ್ಲೇ ಬಂದುಬಿಟ್ಟಿದೆ, ಕೊನೆಯ ಶೇ. 0.9ಕ್ಕಾಗಿ ನೀವು ಬೇಸಿಗೆಯಿಡೀ ಜೂಜಾಡುತ್ತಿದ್ದೀರಿ. 32767ರಲ್ಲಿ ಅಂತರ ಮೂಲದ 2.8 ಪಟ್ಟು ಮಾತ್ರ, 66 ಡಿಗ್ರಿಯ ಅವಕಾಶದೊಳಗೆ ಅದು ಕುಳಿತುಕೊಳ್ಳುತ್ತದೆ.

ಪರೀಕ್ಷಿಸುವ ಕ್ರಮ ಹೀಗಿರಲಿ. ವಿಡಿಡಿ ಮತ್ತು ಎಸ್‌ಒಸಿಯನ್ನು ಮೊದಲಿನ 1.40 ಮತ್ತು 1.20ಕ್ಕೆ ತನ್ನಿ. ಉಳಿದ ಯಾವುದನ್ನೂ ಮುಟ್ಟದೆ ಟಿ-ರೆಫಿಯನ್ನು ಮಾತ್ರ ಆಟೋಗೆ ಬಿಟ್ಟು, ಮಧ್ಯಾಹ್ನದ ಹೊತ್ತಿನಲ್ಲಿ ಒಂದು ಕಡೆ ಟೆಸ್ಟ್‌ಮೆಮ್5, ಇನ್ನೊಂದು ಕಡೆ ಗ್ರಾಫಿಕ್ಸ್ ಕಾರ್ಡಿನ ಮೇಲೆ ರೆಂಡರ್, ಎರಡನ್ನೂ ಒಟ್ಟಿಗೆ ಓಡಿಸಿ. ದೋಷ ನಿಂತರೆ ರಿಫ್ರೆಶ್ ಕಾರಣವೆಂದು ಖಚಿತವಾಯಿತು. ಆಮೇಲೆ 32767 ಪ್ರಯತ್ನಿಸಿ. ಟಿ-ಆರ್‌ಎಫ್‌ಸಿ ತೀರ ಕಡಿಮೆಯಿದ್ದರೆ ಕೋಶ ಪೂರ್ತಿ ತುಂಬುವ ಮುನ್ನವೇ ರಿಫ್ರೆಶ್ ಮುಗಿದುಬಿಡುತ್ತದೆ, ಅರ್ಧ ತುಂಬಿದ ಕೊಡ ಬೇಗ ಬರಿದಾಗುವುದು ಸಹಜ. ಈ ಎರಡನ್ನೂ ಜೋಡಿಯಾಗಿಯೇ ನೋಡಬೇಕಾದ್ದರಿಂದ ಅದರ ಪರೀಕ್ಷೆ ಕೊನೆಗಿರಲಿ. ಪ್ರತಿ ಬದಲಾವಣೆಯ ನಂತರ ಯಂತ್ರವನ್ನು ಪೂರ್ತಿ ಆರಿಸಿ ಹಚ್ಚಿ, ಮತ್ತು ಜೆನ್‌ಟೈಮಿಂಗ್ಸ್ ಎಂಬ ಪ್ರೋಗ್ರಾಂನಲ್ಲಿ ನೀವು ಬರೆದ ಅಂಕಿಯೇ ಜಾರಿಯಲ್ಲಿದೆಯೇ ಎಂದು ನೋಡಿ. ಬಯೋಸ್‌ನಲ್ಲಿ ಬರೆದದ್ದೊಂದು, ಓಡುತ್ತಿರುವುದು ಇನ್ನೊಂದು ಆಗಿದ್ದನ್ನು ನಾನೇ ಎರಡು ಸಲ ಕಂಡಿದ್ದೇನೆ.

ಶಿವಮೊಗ್ಗ_ಡಿಟಿಪಿ

ಓವರ್‌ಕ್ಲಾಕ್ ವಿದ್ಯೆ ನನಗೆ ಅಷ್ಟಾಗಿ ತಿಳಿಯದು. ದುಡಿಯುವ ಯಂತ್ರದ ಮೇಲೆ ಇಂಥ ಪ್ರಯೋಗ ಸಲ್ಲದು ಎಂಬ ಪಂಗಡದವನು ನಾನು. ಆದರೆ ಒಂದು ಮಾತನ್ನು ಇಲ್ಲಿ ಯಾರೂ ಎತ್ತಲಿಲ್ಲ. ನೀಲಿ ಪರದೆ ಬಂದದ್ದು ಕಣ್ಣಿಗೆ ಕಾಣುವ ನಷ್ಟ. ಪರದೆ ಬರದೆ, ಪ್ರೋಗ್ರಾಂ ಮುಚ್ಚದೆ, ಮಾರ್ಚ್‌ನಿಂದ ಈಚೆಗೆ ಈ ಯಂತ್ರ ಬರೆದ ಕಡತಗಳ ಗತಿಯೇನು? ಮೆಮೊರಿಯಲ್ಲಿ ಕೆಟ್ಟ ಬಿಟ್ ಎಸ್‌ಎಸ್‌ಡಿಗೆ ಇಳಿದರೆ ಅದನ್ನು ಅಲ್ಲಿ ಯಾರೂ ಪ್ರಶ್ನಿಸುವುದಿಲ್ಲ. ಹಿಂದೊಮ್ಮೆ ನನ್ನ ಅಂಗಡಿಯಲ್ಲಿ ಒಂದು ಹಳೆಯ ಸ್ಟಿಕ್ ಕೆಟ್ಟು, ಒಂದು ಸ್ಮರಣ ಸಂಚಿಕೆಯ ಹನ್ನೆರಡು ಪುಟಗಳ ಚಿತ್ರಗಳು ಮುದ್ರಣಕ್ಕೆ ಹೋಗುವ ಹಿಂದಿನ ರಾತ್ರಿ ತೆರೆಯಲೇ ಇಲ್ಲ. ಬ್ಯಾಕಪ್ ನೋಡಿದರೆ ಕೆಟ್ಟ ಪ್ರತಿಯೇ ಅಲ್ಲಿಗೂ ನಕಲಾಗಿತ್ತು.

ಕ್ಯಾಮೆರಾದ ಕಾರ್ಡ್‌ಗಳನ್ನು ಇನ್ನೂ ಅಳಿಸಿಲ್ಲವಾದರೆ ಅವುಗಳೊಂದಿಗೆ ನಕಲುಗಳ ಹ್ಯಾಶ್ (ಕಡತದ ಬೆರಳಚ್ಚಿನಂಥ ಅಂಕಿ) ಹೋಲಿಸಿ. ಗ್ರಾಹಕರಿಗಾಗಿ 7-ಜಿಪ್‌ನಲ್ಲಿ ಕಟ್ಟಿಟ್ಟ ಕಡತಗಳಿದ್ದರೆ ಅದರ ಟೆಸ್ಟ್ ಗುಂಡಿ ಒತ್ತಿದರೆ ಸಾಕು, ಸಿಆರ್‌ಸಿ ಎಂಬ ಪರಿಶೀಲನಾ ಅಂಕಿ ತಾಳೆಯಾಗದಿದ್ದರೆ ಕೂಡಲೇ ತಿಳಿಯುತ್ತದೆ. ಇದೆಲ್ಲವನ್ನೂ ಎಕ್ಸ್‌ಪೋಗೆ ಹಿಂತಿರುಗಿ, ಅಥವಾ ಅದನ್ನೂ ನಿಲ್ಲಿಸಿ, ಮಾಡಿ. ಸಂದೇಹದ ಮೆಮೊರಿಯಿಂದಲೇ ಸಂದೇಹದ ಕಡತವನ್ನು ಪರೀಕ್ಷಿಸಬೇಡಿ.

ಮ್ಯೂನಿಕ್_ಮಲೆನಾಡು

ಹುಬ್ಬಳ್ಳಿಯವರ ಲೆಕ್ಕ ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ನನ್ನ ಕೋಣೆ ವರ್ಷದ ಬಹುಕಾಲ 21 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಸ್ಟಿಕ್‌ಗಳು 48 ದಾಟಿದ್ದನ್ನು ನಾನು ಕಂಡಿರಲಿಲ್ಲ. ನಿನ್ನೆ ಪೆಟ್ಟಿಗೆಯ ಮುಂದಿನ ಮೂರೂ ಫ್ಯಾನ್‌ಗಳನ್ನು ನಿಲ್ಲಿಸಿ, ಗ್ರಾಫಿಕ್ಸ್ ಕಾರ್ಡಿಗೆ ಪೂರ್ತಿ ಕೆಲಸ ಹಚ್ಚಿ ಪರೀಕ್ಷಿಸಿದೆ. 63 ಡಿಗ್ರಿಯ ಹೊತ್ತಿಗೆ ನನ್ನ ಎರಡು ವರ್ಷದ ಸ್ಥಿರತೆಯಲ್ಲೂ ಮೂರು ದೋಷಗಳು ಕಾಣಿಸಿಕೊಂಡವು. ಎಸ್‌ಒಸಿ ಏರಿಸುವ ನನ್ನ ಸಲಹೆಯನ್ನು ಹಿಂತೆಗೆದುಕೊಂಡಿದ್ದೇನೆ.

ರಾಯಚೂರು_ಸಂಕಲನ

ಎಲ್ಲರಿಗೂ ಋಣಿ. ಒಂಬತ್ತು ದಿನ ತೆಗೆದುಕೊಂಡು ಪರೀಕ್ಷಿಸಿದ್ದೇನೆ, ಫಲಿತಾಂಶವನ್ನು ಇದ್ದದ್ದು ಇದ್ದಂತೆ ಬರೆಯುತ್ತೇನೆ.

ಟಿ-ರೆಫಿ ಆಟೋ, ಟಿ-ಆರ್‌ಎಫ್‌ಸಿ 400, ಉಳಿದುದೆಲ್ಲ ಮೊದಲಿನಂತೆ: ಮಧ್ಯಾಹ್ನ ನಾಲ್ಕು ಗಂಟೆಗಳ ಕಾಲ ರೆಂಡರ್ ಮತ್ತು ಪರೀಕ್ಷೆ ಒಟ್ಟಿಗೆ ನಡೆದವು, ಸ್ಟಿಕ್ 67 ಮುಟ್ಟಿತು, ಒಂದೂ ದೋಷವಿಲ್ಲ. ಟಿ-ರೆಫಿ 32767, ಟಿ-ಆರ್‌ಎಫ್‌ಸಿ 400: ಎರಡು ಗಂಟೆ ಹತ್ತು ನಿಮಿಷಕ್ಕೆ, 65 ಡಿಗ್ರಿಯಲ್ಲಿ, ಒಂದೇ ಒಂದು ದೋಷ. ಆ ಒಂದು ದೋಷವನ್ನು ನೋಡಿಯೂ ನೋಡದಂತೆ ಬಿಟ್ಟುಬಿಡುವ ಆಸೆ ಆಗಿತ್ತು ಎಂದು ಒಪ್ಪಿಕೊಳ್ಳುತ್ತೇನೆ. ಟಿ-ಆರ್‌ಎಫ್‌ಸಿಯನ್ನು 480ಕ್ಕೆ ಏರಿಸಿದ ಮೇಲೆ ಎರಡು ಮಧ್ಯಾಹ್ನಗಳಲ್ಲಿ ಒಟ್ಟು ಆರು ಗಂಟೆಗಳು ಶುದ್ಧವಾಗಿ ಮುಗಿದವು. ಕುತೂಹಲಕ್ಕೆಂದು ಅದೇ 480ರೊಂದಿಗೆ ಮತ್ತೆ 65535 ಹಾಕಿದೆ. 64 ಡಿಗ್ರಿಯಲ್ಲಿ ಐವತ್ತು ನಿಮಿಷಕ್ಕೆ ತಪ್ಪಿತು. ಜೋಡಿಯಾಗಿ ನೋಡಬೇಕೆಂಬ ಮಾತು ನನ್ನ ಯಂತ್ರದಲ್ಲಂತೂ ಅಕ್ಷರಶಃ ನಿಜವಾಯಿತು.

ಲೇಟೆನ್ಸಿ ಈಗ 64.9. ಮೊದಲು 64.1 ಇತ್ತು. ಒಂಬತ್ತು ನಿಮಿಷ ಹಿಡಿಯುವ ಒಂದು ಎಕ್ಸ್‌ಪೋರ್ಟ್‌ನಲ್ಲಿ ಇದರಿಂದ ಆದ ವ್ಯತ್ಯಾಸ ಎರಡು ಸೆಕೆಂಡ್, ಅಷ್ಟು ವ್ಯತ್ಯಾಸ ಒಂದೇ ಸೆಟ್ಟಿಂಗ್‌ನ ಎರಡು ಓಟಗಳ ನಡುವೆಯೂ ಇರುತ್ತದೆ.

ಹಳೆಯ ಪೆಟ್ಟಿಗೆಯೊಂದರಿಂದ ಕಿತ್ತ 92 ಮಿಲಿಮೀಟರ್ ಫ್ಯಾನ್ ಅನ್ನು ಕೇಬಲ್ ಟೈಯಿಂದ ಸ್ಟಿಕ್‌ಗಳ ಎದುರಿಗೆ ಕಟ್ಟಿದ್ದೇನೆ, ನೋಡಲು ಚೆಂದವಿಲ್ಲ, ಆದರೆ 66 ಇದ್ದದ್ದು 55ಕ್ಕೆ ಇಳಿದಿದೆ. ಹಾಗೆಂದು ಟಿ-ರೆಫಿಯನ್ನು ಮತ್ತೆ ಏರಿಸಿಲ್ಲ. ನಮ್ಮೂರಿನ ಧೂಳಿಗೆ ಆ ಫ್ಯಾನ್ ಯಾವತ್ತಾದರೂ ನಿಂತರೆ ನನಗೆ ಗೊತ್ತಾಗುವುದು ರೆಂಡರ್ ಕೆಟ್ಟ ಮೇಲೆಯೇ.

ಶಿವಮೊಗ್ಗದವರ ಮಾತಿನಂತೆ ಮಾರ್ಚ್‌ನಿಂದೀಚಿನ ಕಡತಗಳನ್ನು ಎಕ್ಸ್‌ಪೋ ನಿಲ್ಲಿಸಿ ಪರೀಕ್ಷಿಸಿದೆ. ನಲವತ್ತೊಂದು ಜಿಪ್‌ಗಳಲ್ಲಿ ಎರಡರ ಸಿಆರ್‌ಸಿ ತಾಳೆಯಾಗಲಿಲ್ಲ. ಒಂದರ ಮೂಲ ಕಾರ್ಡ್ ಇನ್ನೂ ನನ್ನ ಬಳಿಯೇ ಇದೆ. ಇನ್ನೊಂದು ಮಾನ್ವಿಯ ಕಡೆಯ ಒಂದು ಮದುವೆಯದು. ಆ ಮನೆಯವರಿಗೆ ಕೊಟ್ಟ ಪೆನ್‌ಡ್ರೈವ್ ಅನ್ನು ಒಂದು ದಿನದ ಮಟ್ಟಿಗೆ ಹಿಂದಕ್ಕೆ ಕೇಳಿದ್ದೇನೆ, ಭಾನುವಾರ ಹೋಗಿ ತರಬೇಕು.